ಅತ್ತಿಗೆ ನೋಡಿದ್ದು ಹಕ್ಕಿಗಳ ಬೆನ್ನು ಮಾತ್ರ

ಹಕ್ಕಿಗೂ ನನಗೂ ಆಗಿಬರೋದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಆಯ್ತು ಅನ್ನಬೇಡಿ. ನನ್ನ ಪಾರ್ಲರಿನ ಬೋರ್ಡಿನ ಹಿಂದೆ ಪಾರಿವಾಳಗಳು ಸಂಸಾರ ಹೂಡಿಕೊಂಡು, ಬಾಗಿಲ ಮುಂದಿನ ಮೆಟ್ಟಿಲನ್ನು ನನ್ನ ಕೈಯಲ್ಲಿ ದಿನಾ ತೊಳೆಸುತ್ತಿರುವಾಗ ನನಗೆ ಹಕ್ಕಿ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಅಂಥ ನಾನು ಭಾನುವಾರದ ನಿದ್ದೆ ಹಾಳುಮಾಡಿಕೊಂಡು, ಸಮುದ್ರದ ದಂಡೆಯಲ್ಲಿ, ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ನಿಂತೆ ಅಂದರೆ ಅದಕ್ಕೆ ಕಾರಣ ನಮ್ಮ ಅತ್ತಿಗೆ. ನನ್ನ ಅಣ್ಣನ ಹೆಂಡತಿ. ಬಂದರಿನವರೆಲ್ಲ ಅವರನ್ನು ಮೇಲಿನಮ್ಮ ಅಂತ ಕರೆಯುತ್ತಾರೆ.

ಮೇಲಿನಮ್ಮ ಯಾಕೆ ಅಂದರೆ ಅವರ ಕೆಲಸ ಮೇಲೆ. ಬಂದರಿನಲ್ಲಿ ಹಡಗಿನಿಂದ ಕಂಟೇನರು ಎತ್ತಿ ಲಾರಿಯ ಮೇಲೆ ಇಡೋ ದೊಡ್ಡ ಕ್ರೇನು ಇರುತ್ತಲ್ಲ, ಅದರ ತುದಿಯಲ್ಲಿ ಒಂದು ಗಾಜಿನ ಗೂಡು. ಅದಕ್ಕೆ ನೆಲವೂ ಗಾಜೇ. ಅದರೊಳಗೆ ಕೂತು, ಎರಡು ಕಾಲಿನ ಮಧ್ಯದಿಂದ ಕೆಳಗೆ ನೋಡುತ್ತಾ, ಕೈಯಲ್ಲಿ ಎರಡು ಹಿಡಿ ಆಡಿಸುತ್ತಾ, ಮನೆ ಗಾತ್ರದ ಕಬ್ಬಿಣದ ಪೆಟ್ಟಿಗೆಗಳನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿ ಇಳಿಸುತ್ತಾರೆ ನಮ್ಮ ಅತ್ತಿಗೆ. ಇದು ನಾನು ಹೇಳುವ ಹೊಗಳಿಕೆಯಲ್ಲ, ಅವರೇ ಹೇಳಿಕೊಳ್ಳೋದು. ಜಂಬ ಕೊಚ್ಚುವುದರಲ್ಲಿ ಅವರದು ಎತ್ತಿದ ಕೈ. ನೆಂಟರಿಷ್ಟರು ಬಂದರೆ ಕಾಫಿ ಕೊಡುವುದಕ್ಕೆ ಮುಂಚೆ ಕ್ರೇನಿನ ಕಥೆ ಕೊಡುತ್ತಾರೆ. ಇಷ್ಟು ವರ್ಷ ಕೆಳಗೆ ನೋಡಿ ನೋಡಿ ಅವರ ಕತ್ತು ಮುಂದಕ್ಕೆ ಬಾಗಿಬಿಟ್ಟಿದೆ. ಟಿ.ವಿ. ನೋಡುವಾಗಲೂ ಮೊಣಕಾಲ ಮೇಲೆ ಮೊಣಕೈ ಊರಿ, ನೆಲದಲ್ಲಿ ಏನೋ ಬಿದ್ದುಹೋದ ಹಾಗೆ ಕೂತಿರುತ್ತಾರೆ.

ಆ ಗೂಡಿಗೆ ಹೋಗುವುದು ಸುಲಭವಲ್ಲ. ಅರ್ಧ ದಾರಿಗೆ ಲಿಫ್ಟು, ಅದೂ ಕೆಟ್ಟಿಲ್ಲದ ದಿನ. ಮಿಕ್ಕಿದ್ದಕ್ಕೆ ಕಬ್ಬಿಣದ ಏಣಿ. ಏಣಿಗೆ ಎರಡೂ ಕೈ ಬೇಕು, ಹಾಗಾಗಿ ಊಟದ ಚೀಲ ಬೆನ್ನಿಗೇ ಹೋಗಬೇಕು. ಆ ಚೀಲವನ್ನು ದಿನಾ ಬೆಳಿಗ್ಗೆ ಕಟ್ಟುವುದು ನಮ್ಮಣ್ಣ. ಅವನು ಆಸ್ಪತ್ರೆಯಲ್ಲಿ ನರ್ಸು, ಪಟ್ಟಿ ಕಟ್ಟಿ ಕಟ್ಟಿ ಪಳಗಿದ ಕೈ. ಮಹಡಿ ಮೇಲೆ ಅವರ ಸಂಸಾರ, ಕೆಳಗೆ ನನ್ನ ಪಾರ್ಲರು, ಅದರ ಹಿಂದೆ ನನ್ನ ಕೋಣೆ. ಹಾಗಾಗಿ ಈ ನಾಟಕ ನನಗೆ ದಿನಾ ಪುಕ್ಕಟೆ. ಅತ್ತಿಗೆ ನನ್ನ ಬಾಗಿಲ ಹತ್ತಿರ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅಣ್ಣ ಪಟ್ಟಿಗಳನ್ನು ಭುಜದ ಮೇಲಿಂದ ಎಳೆದು, ಎದೆಯ ಮುಂದೆ ತಂದು, ಗಂಟಿನ ಮೇಲೆ ಗಂಟು ಹಾಕುತ್ತಾನೆ.

"ಅಯ್ಯೋ, ಉಸಿರು ಕಟ್ಟುತ್ತೆ ಕಣ್ರೀ! ಸ್ವಲ್ಪ ಸಡಿಲ ಮಾಡಿ!"

"ಆಯ್ತು ಆಯ್ತು," ಅನ್ನುತ್ತಾ ಇನ್ನೊಂದು ಸಲ ಎಳೆಯುತ್ತಾನೆ.

"ನಾನೇನು ನಿಮ್ಮ ಪೇಶೆಂಟಾ?"

"ಹೂಂ, ಹೊರಡು."

ಮದುವೆಯಾದಾಗಿನಿಂದ ಇದೇ ಮಾತು. ಅವರಿಗೂ ಬೇಜಾರಾಗಿಲ್ಲ, ಬಾಚಣಿಗೆ ತೊಳೆಯುತ್ತಾ ಕೇಳಿಸಿಕೊಳ್ಳುವ ನನಗೂ ಬೇಜಾರಾಗಿಲ್ಲ.

ಈಗ ಹಕ್ಕಿಯ ವಿಷಯಕ್ಕೆ ಬರುತ್ತೇನೆ. ಆ ಗೂಡಿನಲ್ಲಿ ಕೂತವರಿಗೆ ಮಾತಾಡಲು ಒಂದು ನರಪಿಳ್ಳೆಯೂ ಸಿಗೋದಿಲ್ಲ. ಸಿಗೋದು ಹಕ್ಕಿಗಳು. ಅತ್ತಿಗೆ ಅವುಗಳ ಜೊತೆ ಮಾತಾಡುತ್ತಾರೆ, ಬೈಯುತ್ತಾರೆ, ಹೆಸರಿಡುತ್ತಾರೆ. ಕಂಟೇನರಿನ ಮೇಲೆ ಕೂತು ಜಗಳವಾಡೋದು ಸೊಸೆಯಂದಿರು, ಗುಂಪಾಗಿ ಓಡಾಡೋದು ಕಚೇರಿಯವರು. ಎಲ್ಲಕ್ಕಿಂತ ಮುದ್ದಿನದು ಕಪ್ಪುಟೋಪಿ. ಚಳಿ ಕಳೆದು ಗಿಡಗಳು ಚಿಗುರುವ ಹೊತ್ತಿಗೆ ಅದು ಎಲ್ಲಿಂದಲೋ ಬರುತ್ತೆ, ಕೆಲವು ವಾರ ಇರುತ್ತೆ, ಹೋಗುತ್ತೆ. ನೆತ್ತಿ ಕಪ್ಪು, ಬೆನ್ನು ಬೂದಿ ಬಣ್ಣ, ಬಾಲ ನನ್ನ ಕತ್ತರಿಯ ಹಾಗೆ ಎರಡು ಕವಲು. "ನನ್ನ ಗಾಜಿನ ಕೆಳಗೇ ಬಂದು ಗಾಳಿಯಲ್ಲಿ ನಿಂತುಬಿಡುತ್ತೆ ಕಣೇ. ರೆಕ್ಕೆ ಬಡೀತಾ, ಇದ್ದಲ್ಲೇ! ನಾನು ಪೆಟ್ಟಿಗೆ ಇಳಿಸೋದನ್ನ ಪರೀಕ್ಷೆ ಮಾಡೋ ಥರ," ಅನ್ನುವಾಗ ಅವರ ಮುಖ ನೋಡಬೇಕು. ಮದುವೆ ಫೋಟೋದಲ್ಲೂ ಅಷ್ಟು ಖುಷಿಯಾಗಿಲ್ಲ ಅವರು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಬಂದರಿನವರು ಒಂದು ಸುದ್ದಿ ಕೊಟ್ಟರು. ಇನ್ನು ಮುಂದೆ ಕ್ರೇನಿನ ಮೇಲೆ ಯಾರೂ ಹತ್ತಬೇಕಾಗಿಲ್ಲ. ನೆಲದ ಮೇಲೆ ಒಂದು ಎ.ಸಿ. ರೂಮು, ಒಳ್ಳೆ ಕುರ್ಚಿ, ಮುಂದೆ ಪರದೆ. ಅಲ್ಲೇ ಕೂತು ಹಿಡಿ ಆಡಿಸಿದರೆ ಅಲ್ಲಿ ಪೆಟ್ಟಿಗೆ ಏಳುತ್ತೆ. ಬೇಡ ಅನ್ನುವವರು ಕೆಲಸ ಬಿಡಬಹುದು. ಸೋಮವಾರದೊಳಗೆ ಹೇಳಬೇಕು. ಮಿಕ್ಕ ಡ್ರೈವರುಗಳೆಲ್ಲ ಕುಣಿದಾಡಿದರು. ನಮ್ಮ ಅತ್ತಿಗೆ ಮಾತ್ರ ಮುಖ ಊದಿಸಿಕೊಂಡು ಮನೆಗೆ ಬಂದು, ಚಪ್ಪಲಿಯನ್ನು ಎರಡು ದಿಕ್ಕಿಗೆ ಬಿಸಾಡಿ, ಊಟಕ್ಕೆ ಕೂತು ಘೋಷಣೆ ಮಾಡಿದರು.

"ಕೆಲಸ ಬಿಡ್ತೀನಿ. ಆ ರೂಮಲ್ಲಿ ಕಿಟಕಿನೇ ಇಲ್ಲ."

"ಕ್ರೇನು ನಡೆಸೋದು ಅಂದ್ರೆ ನಿನಗೆ ಪ್ರಾಣ. ಬಿಟ್ಟು ಏನು ಮಾಡ್ತೀಯಾ?" ಅಂದ ಅಣ್ಣ.

"ಕೆಲಸ ಬೇಡ ಅಂತಲ್ಲ. ಆದ್ರೆ ಕೆಳಗೆ ಬಂದ್ರೆ ನನ್ನ ಕಪ್ಪುಟೋಪಿ ನನಗೆ ಸಿಗಲ್ಲ."

"ಅದು ನೆಲದಿಂದಲೂ ಕಾಣುತ್ತಲ್ಲ ಅತ್ತಿಗೆ. ಹಾರೋ ಹಕ್ಕಿ ತಾನೇ?" ಅಂದೆ ನಾನು.

ಅವರು ತುತ್ತು ಕೆಳಗಿಟ್ಟರು. "ಸರಿ ಹಾಗಾದ್ರೆ," ಅಂದರು. "ನೆಲದ ಮೇಲೆ ನಿಂತು, ಯಾರ ಸಹಾಯವೂ ಇಲ್ಲದೆ, ಇದೇ ನನ್ನ ಕಪ್ಪುಟೋಪಿ ಅಂತ ನನಗೆ ಗೊತ್ತಾದ್ರೆ ಆ ರೂಮಿಗೆ ಹೋಗ್ತೀನಿ. ಗೊತ್ತಾಗ್ಲಿಲ್ಲ ಅಂದ್ರೆ ಸೋಮವಾರ ಕೆಲಸಕ್ಕೆ ದೊಡ್ಡ ನಮಸ್ಕಾರ."

ಅತ್ತಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಬೆಟ್ಟವನ್ನು ಬೇಕಾದರೂ ಅಲ್ಲಾಡಿಸಬಹುದು, ಅವರನ್ನು ಅಲ್ಲಾಡಿಸಲಾಗದು.

ಮರುದಿನ ಅಣ್ಣ ಪಾರ್ಲರಿಗೆ ಬಂದ. ಗಂಡಸರು ಕಾಲಿಡದ ಜಾಗ, ಬಾಗಿಲಲ್ಲೇ ಕಳ್ಳನ ಹಾಗೆ ನಿಂತ. "ನಿನ್ನ ಹತ್ರ ತಲೆಗೆ ಬಣ್ಣ ಹಾಕಿಸ್ಕೊಳ್ಳೋಕೆ ಹಲ್ಲು ಡಾಕ್ಟ್ರ ಹೆಂಡತಿ ಬರ್ತಾರಲ್ಲ, ಅವರ ಯಜಮಾನರು ಭಾನುವಾರ ಜನರನ್ನ ಸೇರಿಸಿಕೊಂಡು ಹಕ್ಕಿ ನೋಡೋಕೆ ಹೋಗ್ತಾರಂತೆ. ಅವಳನ್ನ ಕರ್ಕೊಂಡು ಹೋಗ್ತೀಯಾ?"

"ನೀನೇ ಕರ್ಕೊಂಡು ಹೋಗು. ನನಗೆ ನಿದ್ದೆ ಬೇಕು."

"ನನಗೆ ಡ್ಯೂಟಿ. ಅಲ್ಲದೆ ನಾನು ಬಂದ್ರೆ, ನಾನೇ ಅವಳನ್ನ ಇಳಿಸೋಕೆ ನೋಡ್ತಿದೀನಿ ಅಂದ್ಕೋತಾಳೆ."

"ಅಂದ್ರೆ ಅವರು ಇಳೀಬೇಕು ಅಂತ ನಿನಗಿದೆಯಾ?"

ಅಣ್ಣ ನನ್ನ ಬಾಚಣಿಗೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿಟ್ಟು ಹೊರಟುಹೋದ. ಇವನಿಗೇನು ಬಂತು ರೋಗ ಅಂದುಕೊಂಡು ನಾನು ನನ್ನ ಕೆಲಸ ನೋಡಿಕೊಂಡೆ.

ಹೀಗೆ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಟೆವು. ಅತ್ತಿಗೆಯ ಬೆನ್ನ ಮೇಲೆ ಅದೇ ಚೀಲ, ಅದೇ ಗಂಟು. ಏಣಿ ಹತ್ತೋದಿಲ್ಲ ಅಂತ ಗೊತ್ತಿದ್ದೂ ಅಣ್ಣ ಅಷ್ಟೇ ಬಿಗಿಯಾಗಿ ಕಟ್ಟಿದ್ದ.

ಹಲ್ಲು ಡಾಕ್ಟರು ಒಳ್ಳೆಯ ಮನುಷ್ಯ. ತಲೆಗೆ ಅಗಲದ ಟೋಪಿ, ಕತ್ತಿಗೆ ದುರ್ಬೀನು, ಭುಜದ ಮೇಲೆ ಮೂರು ಕಾಲಿನ ಇನ್ನೊಂದು ದೊಡ್ಡ ದುರ್ಬೀನು. ಜೊತೆಗೆ ಅವರ ಹೆಂಡತಿ, ಇನ್ನೂ ನಾಲ್ಕಾರು ಜನ. ಬಿಸಿಲು ಎಳೆಯದು, ಗಾಳಿ ಹದವಾಗಿತ್ತು, ದಂಡೆಯ ಹುಲ್ಲಿನಲ್ಲೆಲ್ಲ ಹಳದಿ ಹೂವು. ನೀರು ಇಳಿದು ಕೆಸರು ಬಯಲಾಗಿತ್ತು, ಅದರ ತುಂಬಾ ಹಕ್ಕಿ. ಡಾಕ್ಟರು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಪಿಸುಗುಟ್ಟಿದರು: "ಇವೆಲ್ಲ ವಾಪಸ್ಸು ಹೊರಟಿರೋ ಹಕ್ಕಿಗಳು. ಹೊಟ್ಟೆ ತುಂಬಿಸ್ಕೊಳ್ಳೋಕೆ ಇಲ್ಲಿ ಇಳಿದಿವೆ. ದಯವಿಟ್ಟು ಮಾತು ಮೆಲ್ಲಗೆ."

"ಆಯ್ತು ಡಾಕ್ಟ್ರೇ!" ಅಂತ ಅತ್ತಿಗೆ ಕೂಗಿದರು. ಕೆಸರಿನ ಅರ್ಧ ಭಾಗ ಖಾಲಿಯಾಯಿತು.

ಪಾಪ, ಅವರ ತಪ್ಪಲ್ಲ. ಇಂಜಿನ್ನಿನ ಸದ್ದಿನ ಮೇಲೆ ವೈರ್‌ಲೆಸ್ಸಿನಲ್ಲಿ ಮಾತಾಡಿ ರೂಢಿ. ಡಾಕ್ಟರು ನಕ್ಕುಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಅತ್ತಿಗೆಯ ಪರದಾಟ. ತಲೆ ಮೇಲೆ ಒಂದು ಹಕ್ಕಿ ಹೋಯಿತು. ಅತ್ತಿಗೆ ಬಾಯಿ ಬಿಟ್ಟುಕೊಂಡು ನೋಡಿದರು. "ಇದು ಯಾವುದು? ಜನ್ಮದಲ್ಲಿ ನೋಡಿಲ್ಲ!"

"ಇದು ಮಾಮೂಲಿ ಕಡಲಹಕ್ಕಿ ಕಣಮ್ಮಾ. ನಿಮ್ಮ ಬಂದರಿನ ತುಂಬಾ ಇದೇ ಇರೋದು."

"ಇದಾ? ನಮ್ಮ ಸೊಸೆಯಂದಿರಾ? ಅವಕ್ಕೆ ಹಳದಿ ಕಾಲಿದೆಯಾ?"

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಮೇಲಿಂದ ನೋಡಿದವರು ಅವುಗಳ ಕಾಲನ್ನೇ ನೋಡಿಲ್ಲ, ಹೊಟ್ಟೆಯನ್ನೇ ನೋಡಿಲ್ಲ! ನನ್ನ ಕಥೆಯೂ ಅದೇ ಅನ್ನಿ. ಕುರ್ಚಿಯಲ್ಲಿ ಕೂತು ನೆತ್ತಿ ತೋರಿಸಿದರೆ ಇಡೀ ಬೀದಿಯ ಹೆಂಗಸರ ಹೆಸರು ಹೇಳುತ್ತೇನೆ. ಅವರೇ ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕಿ "ಚೆನ್ನಾಗಿದೀರಾ" ಅಂದರೆ ಯಾರಪ್ಪಾ ಇವರು ಅಂತ ಹಲ್ಲು ಕಿರಿದು ನಿಲ್ಲುತ್ತೇನೆ.

ಇನ್ನು ಹಕ್ಕಿ ಎಲ್ಲಿದೆ ಅಂತ ತೋರಿಸುವ ಗಲಾಟೆ ಬೇರೆ. ಡಾಕ್ಟರು ಹಲ್ಲಿನ ಭಾಷೆಯಲ್ಲಿ ಹೇಳುತ್ತಾರೆ: "ಆ ಕಲ್ಲುಗಳ ಸಾಲು ಕೆಳದವಡೆ ಅಂದ್ಕೊಳ್ಳಿ, ಕೊನೇ ದವಡೆಹಲ್ಲಿನ ಪಕ್ಕ." ಅತ್ತಿಗೆ ಹೇಳುವುದು: "ಎರಡು ಪೆಟ್ಟಿಗೆ ಎಡಕ್ಕೆ, ಅರ್ಧ ಪೆಟ್ಟಿಗೆ ಹಿಂದಕ್ಕೆ." ಮಿಕ್ಕವರು ಕತ್ತು ಅತ್ತ ಇತ್ತ ತಿರುಗಿಸಿ ತಲೆ ಚಿಟ್ಟು ಹಿಡಿಸಿಕೊಂಡರು. ಕೊನೆಗೆ ನಾನು, "ಅದೇ, ಹಿಂದುಗಡೆ ಚಿಕ್ಕದಾಗಿ ಕತ್ತರಿಸಿ ಮುಂದೆ ಕೂದಲು ಇಳಿಬಿಟ್ಟಿರೋ ಆ ಹುಲ್ಲಿನ ಗುಡ್ಡೆ ಇದೆಯಲ್ಲ," ಅಂದೆ. ಡಾಕ್ಟರ ಹೆಂಡತಿಗೆ ತಕ್ಷಣ ಕಾಣಿಸಿತು.

ಅತ್ತಿಗೆ ಸೋಲೊಪ್ಪುವವರಲ್ಲ. ಒಂದಾದ ಮೇಲೆ ಒಂದು ತಪ್ಪು ಹೇಳಿದರು, ಅಷ್ಟೇ ಗಟ್ಟಿಯಾಗಿ ಹೇಳಿದರು. ಉದ್ದ ಕೊಕ್ಕಿನ ಗೊರವ ಅನ್ನೋ ಹಕ್ಕಿಯನ್ನು ಬಾತುಕೋಳಿ ಅಂದರು. ಬಾತುಕೋಳಿಯನ್ನು ಗೂಟ ಅಂದರು. ನಿಜವಾದ ಗೂಟವನ್ನು, "ಅದು ಅಲ್ಲಾಡ್ತಿದೆ, ನಾನು ನೋಡಿದೆ," ಅಂತ ವಾದಿಸಿದರು. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ನನಗೂ ನಿದ್ದೆ ಹಾರಿಹೋಗಿ, ಛೆ, ಇಷ್ಟು ಚೆಂದದ ಬೆಳಿಗ್ಗೆಗಳನ್ನೆಲ್ಲ ಹಾಸಿಗೆಯಲ್ಲಿ ಕಳೆದೆನಲ್ಲ ಅನ್ನಿಸತೊಡಗಿತ್ತು.

ಆಗ ಅತ್ತಿಗೆ ನನ್ನ ರಟ್ಟೆ ಹಿಡಿದರು. ಈ ಸಲ ನಿಜವಾಗಿಯೂ ಪಿಸುಮಾತಿನಲ್ಲಿ, "ಮೂರು ಪೆಟ್ಟಿಗೆ ಬಲಕ್ಕೆ. ಕಿತ್ತಳೆ ಬಣ್ಣ. ಜುಟ್ಟು," ಅಂದರು.

ಡಾಕ್ಟರು ದುರ್ಬೀನು ತಿರುಗಿಸಿದರು. ಅವರ ಮುಖದ ಬಣ್ಣವೇ ಬದಲಾಯಿತು. ಕೆಸರಿನ ಗುಂಡಿಯೊಳಗೆ ಏನೋ ಕೂತಿತ್ತು. ಕಿತ್ತಳೆ ಬಣ್ಣದ ಜುಟ್ಟು ಗಾಳಿಗೆ ಅಲ್ಲಾಡುತ್ತಿತ್ತು, ಒಮ್ಮೆ ಬಿಚ್ಚಿಕೊಳ್ಳುತ್ತಿತ್ತು, ಒಮ್ಮೆ ಮಡಚಿಕೊಳ್ಳುತ್ತಿತ್ತು. "ಈ ಕಡೆ ಇಂಥದ್ದು ಬಂದಿದ್ದೇ ಇಲ್ಲ," ಅಂದರು ಡಾಕ್ಟರು. "ದಾರಿ ತಪ್ಪಿ ಬಂದಿರಬೇಕು. ಎಲ್ಲರೂ ಮಲಗಿ!" ಅಷ್ಟು ದೊಡ್ಡ ಡಾಕ್ಟರು ಹೊಟ್ಟೆ ಅಡಿಯಾಗಿ ಕೆಸರಲ್ಲಿ ಮಲಗಿದರು. ಅವರ ಹೆಂಡತಿ ಮಲಗಿದರು. ಅತ್ತಿಗೆ ಮಲಗಿದರು. ಒಬ್ಬರು ಫೋಟೋ ತೆಗೆಯೋದಕ್ಕೆ ಮೊಣಕೈಯಲ್ಲಿ ತೆವಳತೊಡಗಿದರು. ಅತ್ತಿಗೆಯ ಮುಖದಲ್ಲಿ ಮೊದಲ ಸಲ ನಿಜವಾದ ಆಸೆ ಕಾಣಿಸಿತು. ಮೊದಲು ಕಂಡಿದ್ದು ಅವರಿಗೇ ಅಲ್ಲವೇ!

ನಾನು ಮಲಗಲಿಲ್ಲ. ಹೊಸ ಚೂಡಿದಾರ. ಎಷ್ಟು ಹೊತ್ತಾದರೂ ಆ ಪ್ರಾಣಿ ಕೊಕ್ಕು ತೋರಿಸದು, ರೆಕ್ಕೆ ತೋರಿಸದು. ನನಗೆ ತಾಳ್ಮೆ ಕಡಿಮೆ, ಊರಿಗೇ ಗೊತ್ತು. ಪೈಜಾಮ ಎತ್ತಿ ಕಟ್ಟಿಕೊಂಡು ಕೆಸರಿಗೆ ಇಳಿದೆ. ಹಿಂದಿನಿಂದ ಎಲ್ಲರೂ ಹಾವಿನ ಹಾಗೆ ಬುಸುಗುಟ್ಟಿದರು. ಹೋಗಿ, ಬಗ್ಗಿ, ಎತ್ತಿ ಹಿಡಿದೆ.

ರಬ್ಬರ್ ಗ್ಲೌಸು. ಪಾತ್ರೆ ತೊಳೆಯೋರು ಹಾಕಿಕೊಳ್ಳುವಂಥದ್ದು. ಐದೂ ಬೆರಳು ಗಾಳಿಗೆ ಅಲ್ಲಾಡುತ್ತಿದ್ದವು.

ಡಾಕ್ಟರು ಮೊದಲು ನಕ್ಕರು. ಕೆಸರಲ್ಲಿ ಮಲಗಿದ್ದಲ್ಲೇ ಅಂಗಾತ ಹೊರಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ನಾನು ಗ್ಲೌಸಿನಿಂದ ಎಲ್ಲರಿಗೂ ಟಾಟಾ ಮಾಡಿದೆ. ಆಮೇಲೆ ನೋಡಿದರೆ, ಒಬ್ಬರು ಮಾತ್ರ ನಗುತ್ತಿರಲಿಲ್ಲ. ಅತ್ತಿಗೆ ಎದ್ದು, ಬಟ್ಟೆಯ ಕೆಸರೂ ಒರೆಸಿಕೊಳ್ಳದೆ, ದೂರ ಹೋಗಿ ದಂಡೆಯ ಕಲ್ಲಿನ ಮೇಲೆ ಕೂತಿದ್ದರು.

ಹೋಗಿ ಪಕ್ಕದಲ್ಲಿ ಕೂತೆ. "ಅತ್ತಿಗೆ, ಡಾಕ್ಟ್ರೇ ಏಮಾರಿದ್ರು ಬಿಡಿ. ಬನ್ನಿ, ಏನಾದ್ರೂ ತಿನ್ನೋಣ."

ಊಟ ತೆಗೆಯೋಣ ಅಂದರೆ ಅಣ್ಣನ ಗಂಟು ಬಿಚ್ಚದು. ಉಗುರು ಹಾಕಿದೆ, ಹಲ್ಲು ಹಾಕಿದೆ, ಕೊನೆಗೆ ಕೂದಲಿನ ಪಿನ್ನಿನಿಂದ ಎಬ್ಬಿದೆ. "ಇವನೇನು ಹಡಗು ಕಟ್ಟಿಹಾಕ್ತಾನಾ?" ಅಂದೆ. ಅವರು ನಗಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇತ್ತು. ಮೊಟ್ಟೆಯ ಸಿಪ್ಪೆಯನ್ನು ಚೂರು ಚೂರೇ ಬಿಡಿಸುತ್ತಾ ಹೇಳಿದರು:

"ಮೇಲಿಂದ ನೋಡಿದ್ದಿದ್ರೆ ಅದು ಗ್ಲೌಸು ಅಂತ ನನಗೆ ಒಂದೇ ನೋಟಕ್ಕೆ ಗೊತ್ತಾಗ್ತಿತ್ತು. ಕೆಳಗೆ ಬಂದ್ರೆ ನಾನು ಕುರುಡಿ ಕಣೇ."

"ಒಂದು ದಿನಕ್ಕೆ ಯಾರಿಗೆ ತಾನೇ ಬರುತ್ತೆ? ರೂಢಿ ಆಗುತ್ತೆ."

"ನಿನಗೆ ಅರ್ಥ ಆಗಲ್ಲ. ಅಲ್ಲಿ ಮೇಲೆ ದಿನವಿಡೀ ನಾನೊಬ್ಬಳೇ. ಕೆಳಗಿನವರಿಗೆ ಕ್ರೇನು ಕಾಣುತ್ತೆ, ನಾನು ಕಾಣಲ್ಲ. ಬೇಜಾರಾಗಿಲ್ಲ ಅಂತಲ್ಲ, ತುಂಬಾ ಆಗಿದೆ. ಆವಾಗೆಲ್ಲ ಅದು ಬರ್ತಿತ್ತು. ಕೆಳಗೆ ಹೋದ್ಮೇಲೆ ಅದು ನನ್ನ ತಲೆ ಮೇಲೇ ಹಾರಿ ಹೋದ್ರೂ, ಯಾವುದೋ ಹಕ್ಕಿ ಅಂತ ಸುಮ್ಮನೆ ನಡೆದುಬಿಡ್ತೀನಲ್ಲ, ಆ ಸಂಕಟ ನನಗೆ ಬೇಡ. ಅದಕ್ಕಿಂತ ಬಂದರಿನ ಕಡೆಗೇ ಹೋಗದೆ ಇರೋದು ವಾಸಿ."

ಜಂಬದ ಹೆಂಗಸಿನ ಬಾಯಲ್ಲಿ ಇಂಥ ಮಾತು ನಾನು ಕೇಳಿರಲಿಲ್ಲ. ಬಾಳೆಹಣ್ಣು ಸುಲಿದು ಅವರ ಕೈಗೆ ಕೊಟ್ಟೆ.

ಮಧ್ಯಾಹ್ನ ನೀರು ಏರಿತು, ಕೆಸರಿನ ಹಕ್ಕಿಗಳು ಚದುರಿದವು. ಕೊನೆಗೆ ಒಂದೇ ಜಾಗ ಉಳಿದಿದೆ ಅಂದರು ಡಾಕ್ಟರು. ಅಲೆ ತಡೆಯೋಕೆ ಸಮುದ್ರದೊಳಕ್ಕೆ ಕಟ್ಟಿದ ಕಲ್ಲಿನ ಗೋಡೆ, ಅದರ ಮೇಲೆ ತುದಿಯವರೆಗೂ ನಡೆಯಬಹುದು. ಅಲ್ಲಿಂದ ನೀರಿನ ಆಚೆ ಬಂದರು ಕಾಣಿಸುತ್ತದೆ. ಸಾಲಾಗಿ ನಿಂತ ಕ್ರೇನುಗಳಲ್ಲಿ ಕೊನೆಯದು ಅತ್ತಿಗೆಯದು. ಭಾನುವಾರವಾದ್ದರಿಂದ ಸುಮ್ಮನೆ ನಿಂತಿತ್ತು. ಅತ್ತಿಗೆ ಅದನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು.

ಗೋಡೆಯ ಮೇಲೆ ಹಕ್ಕಿಗಳು ಹಾರಾಡುತ್ತಿದ್ದವು. ಡಾಕ್ಟರಿಗೆ ಅತ್ತಿಗೆಯ ಪಣದ ವಿಷಯ ಅವರ ಹೆಂಡತಿಯ ಮೂಲಕ ಗೊತ್ತಾಗಿಬಿಟ್ಟಿತ್ತು. ಮೆತ್ತಗೆ ಬಂದು ಹೇಳಿದರು, "ಅಮ್ಮಾ, ಅಲ್ಲಿ ಮೇಲಿವೆಯಲ್ಲ, ಅವು ರೀವ ಅನ್ನೋ ಹಕ್ಕಿಗಳು. ನೀವು ಹೇಳೋ ಕಪ್ಪುಟೋಪಿ ಇದೇ ಇರಬೇಕು ಅಂತ ನನಗನಿಸುತ್ತೆ."

ಅತ್ತಿಗೆ ಕತ್ತು ಎತ್ತಿದರು. ಮುಂದಕ್ಕೆ ಬಾಗಿದ ಕತ್ತು, ಪಾಪ, ಎತ್ತಲು ಎಷ್ಟು ಕಷ್ಟಪಟ್ಟರು. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಬಿಳೀ ಆಕಾಶದಲ್ಲಿ ಬಿಳೀ ಹೊಟ್ಟೆಗಳು. ನೆತ್ತಿ ಕಾಣದು, ಬೆನ್ನು ಕಾಣದು.

"ಇದಲ್ಲ," ಅಂದರು.

"ಅತ್ತಿಗೆ, ಡಾಕ್ಟ್ರಿಗೆ ಗೊತ್ತಿರುತ್ತೆ. ಹೂಂ ಅಂದುಬಿಡಿ."

"ಡಾಕ್ಟ್ರಿಗೆ ಗೊತ್ತಿದ್ರೆ ಡಾಕ್ಟ್ರು ರೂಮಿಗೆ ಹೋಗ್ಲಿ. ನನಗೆ ಗೊತ್ತಾಗ್ಬೇಕು. ನನಗೆ ನಾನೇ ಸುಳ್ಳು ಹೇಳ್ಕೊಳ್ಳಲಾ?"

ಎಲ್ಲರೂ ದುರ್ಬೀನುಗಳನ್ನು ಪೆಟ್ಟಿಗೆಗೆ ಹಾಕತೊಡಗಿದರು. ಬಸ್ಸಿನ ಹೊತ್ತಾಗಿತ್ತು. ಅತ್ತಿಗೆ ಗೋಡೆಯ ಕಟ್ಟಕಡೆಯ ಕಲ್ಲಿನ ಮೇಲೆ ಹೋಗಿ ಕೂತರು. ಮೊಣಕಾಲ ಮೇಲೆ ಮೊಣಕೈ, ಕತ್ತು ಮುಂದೆ, ಕಣ್ಣು ಕೆಳಗೆ ನೀರಿನಲ್ಲಿ. ಮನೆಯಲ್ಲಿ ಟಿ.ವಿ. ಮುಂದೆ ಕೂರುತ್ತಾರಲ್ಲ, ಹಾಗೇ. ನಾನು ಅವರ ಬೆನ್ನ ಮೇಲಿನ ಚೀಲ ಹಿಡಿದುಕೊಂಡು ಹಿಂದೆ ನಿಂತೆ.

ಆಗ ಮೇಲಿಂದ ಒಂದು ಹಕ್ಕಿ ಕೆಳಗಿಳಿದು ಬಂತು. ನಮ್ಮ ಎದುರಿಗೇ ಗಾಳಿಯಲ್ಲಿ ನಿಂತಿತು, ರೆಕ್ಕೆ ಪಟಪಟ ಬಡಿಯುತ್ತಾ, ಇದ್ದಲ್ಲೇ. ತಲೆ ಬಗ್ಗಿಸಿ ನೀರು ನೋಡಿತು. ನೋಡಿದ್ದೇ, ರೆಕ್ಕೆ ಮಡಚಿಕೊಂಡು ತಲೆಕೆಳಗಾಗಿ, ಅತ್ತಿಗೆಯ ಕಾಲ ಕೆಳಗಿನ ನೀರಿಗೆ ಧುಮುಕಿತು.

ಅತ್ತಿಗೆ ಎದ್ದು ನಿಂತುಬಿಟ್ಟರು.

ಹಕ್ಕಿ ಮೀನು ಕಚ್ಚಿಕೊಂಡು ನೀರು ಕೊಡವುತ್ತಾ ಎದ್ದಿತು. ನಮಗಿಂತ ಕೆಳಗೆ, ನೀರಿಗೆ ಅಂಟಿಕೊಂಡ ಹಾಗೆ ಒಂದು ಸುತ್ತು ಹಾರಿತು. ನಾನೂ ನೋಡಿದೆ. ಕಪ್ಪು ನೆತ್ತಿ, ಬೂದಿ ಬೆನ್ನು, ಕತ್ತರಿ ಬಾಲ.

"ಅದೇ!" ಅತ್ತಿಗೆ ಕಿರುಚಿದರು. "ಅದೇ ಕಣೇ! ಅದೇ ಬೆನ್ನು! ನನ್ನ ಕಪ್ಪುಟೋಪಿ! ಬಿಡಬೇಡ, ಕಣ್ಣು ಬಿಡಬೇಡ!"

ಕಣ್ಣು ಬಿಡಬೇಡ ಅಂತ ಹೇಳಿಕೊಂಡಿದ್ದು ತಮಗೇ. ಹಕ್ಕಿ ಮೇಲೇರತೊಡಗಿತು. ಸೊಂಟದ ಎತ್ತರಕ್ಕೆ ಬಂತು, ಕಣ್ಣಿನ ಎತ್ತರಕ್ಕೆ ಬಂತು, ಪಕ್ಕದಲ್ಲೇ ಹಾದುಹೋಯಿತು, ತಲೆಯ ಮೇಲಾಯಿತು. ಅತ್ತಿಗೆಯ ಕತ್ತು ಅದರ ಜೊತೆಗೇ ಏರಿತು. ಬೆನ್ನಿನಿಂದ ಶುರುಮಾಡಿ, ರೆಪ್ಪೆ ಹೊಡೆಯದೆ, ಹೊಟ್ಟೆಯವರೆಗೂ ಅದನ್ನು ಬಿಡಲೇ ಇಲ್ಲ ಅವರು. ಕತ್ತೆತ್ತಿಕೊಂಡೇ ಹೆಜ್ಜೆ ಮುಂದಿಟ್ಟು ಇನ್ನೇನು ಸಮುದ್ರಕ್ಕೆ ಬೀಳಬೇಕು, ನಾನು ಚೀಲದ ಪಟ್ಟಿ ಹಿಡಿದು ಜಗ್ಗಿದೆ.

"ಬಿಳೀ ಹೊಟ್ಟೆ ಕಣೇ ಇದಕ್ಕೆ! ನೋಡೇ, ಕೆಂಪು ಕಾಲು! ಇಷ್ಟು ವರ್ಷ ಕೆಂಪು ಕಾಲು ಇಟ್ಕೊಂಡು ನನಗೆ ತೋರಿಸೇ ಇಲ್ಲ, ಕಳ್ಳ ಮುಂಡೇದು!"

ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಅನ್ನಿ. ಆಮೇಲೆ ಮೇಲಿದ್ದ ಎಲ್ಲವನ್ನೂ ನೋಡಿದರು. ಈಗ ಕಣ್ಣಿಗೆ ದಾರಿ ಸಿಕ್ಕಿತ್ತು. "ಇದೂ ಅದೇ! ಅಗೋ ಅದೂ! ಡಾಕ್ಟ್ರೇ, ಅದೂ ಅದೇ ತಾನೇ? ಬೆಳಿಗ್ಗೆಯಿಂದ ಇವೇ ಅಲ್ವಾ ನಮ್ಮ ತಲೆ ಮೇಲೆ ಹಾರ್ತಿದ್ದಿದ್ದು!"

"ಇವೇ ಅಮ್ಮಾ, ಇವೇ!" ಅಂತ ಡಾಕ್ಟರು ತಮ್ಮ ಪಿಸುಮಾತಿನ ನಿಯಮ ಮರೆತು ಕೂಗಿದರು. ಅವರ ಹೆಂಡತಿ ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ಸೇರಿದ್ದ ದುರ್ಬೀನುಗಳೆಲ್ಲ ಮತ್ತೆ ಹೊರಗೆ ಬಂದವು. ಬಸ್ಸು ಹೋದರೆ ಹೋಗಲಿ ಅಂತ ನಾವೆಲ್ಲ ಆ ತುದಿಯಲ್ಲೇ ಕೂತೆವು. ಒಂದೊಂದು ಹಕ್ಕಿ ಧುಮುಕಿದಾಗಲೂ ಎಲ್ಲರೂ ಸೇರಿ ಹೋ ಅಂದೆವು. ಹೇಳುತ್ತೇನೆ, ಪಾರಿವಾಳಗಳ ಮೇಲಿನ ನನ್ನ ಸಿಟ್ಟು ಹಾಗೇ ಇದೆ, ಆದರೆ ಆ ಕಪ್ಪುಟೋಪಿ ನನಗೂ ಇಷ್ಟವಾಗಿಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ ಅಣ್ಣನಿಗೆ ಫೋನು ಮಾಡಿದರು. ಅವರು ಮಾತಾಡುವ ಜೋರಿಗೆ ಫೋನೇ ಬೇಕಿರಲಿಲ್ಲ. "ರೀ! ಸಿಕ್ತು ಕಣ್ರೀ! ನಾನೇ ಕಂಡುಹಿಡಿದೆ! ನಾಳೆ ರೂಮಿಗೆ ಹೋಗ್ತೀನಿ, ಇನ್ನು ಏಣಿ ಹತ್ತಲ್ಲ!"

ಆ ಕಡೆಯಿಂದ ಮಾತಿಲ್ಲ.

"ರೀ? ಕೇಳಿಸ್ತಾ?"

ನಾನು ಕಿವಿ ಹತ್ತಿರ ತಂದೆ. ಅಣ್ಣ ಅಳುತ್ತಿದ್ದ. ಆಸ್ಪತ್ರೆಯಲ್ಲಿ ಎಂಥೆಂಥದ್ದನ್ನೋ ನೋಡಿಕೊಂಡು ಬಂದು ನಿಶ್ಚಿಂತೆಯಾಗಿ ಊಟ ಮಾಡುವ ನಮ್ಮಣ್ಣ, ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಯಾಕ್ರೀ? ಏನಾಯ್ತು?"

"ಏನಿಲ್ಲ. ಗಾಳಿ ಜೋರಾದ ದಿನ ನನಗೆ ವಾರ್ಡಲ್ಲಿ ನಿಂತ ಕಡೆ ನಿಲ್ಲೋಕಾಗ್ತಿರಲಿಲ್ಲ. ಕಿಟಕಿ ಹತ್ರಾನೇ ಓಡಾಡ್ತಿದ್ದೆ. ನೀನು ಆ ಏಣಿ ಇಳಿದು ಮನೆಗೆ ಬರೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ. ದಿನಾ."

ಅತ್ತಿಗೆ ದನಿ ಒಮ್ಮೆಲೇ ಇಳಿಯಿತು. "ಇಷ್ಟು ವರ್ಷ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಇಳಿದುಬಿಡ್ತಿದ್ದೆ, ನನಗೋಸ್ಕರ. ಆಮೇಲೆ ದಿನಾ ಆಕಾಶ ನೋಡ್ಕೊಂಡು ಕೂತಿರ್ತಿದ್ದೆ. ಅದನ್ನ ನೋಡೋ ಶಕ್ತಿ ನನಗಿರ್ಲಿಲ್ಲ."

ಮೇಲಿನಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಂದು ನನ್ನ ಬಾಚಣಿಗೆಗಳನ್ನು ಜೋಡಿಸುತ್ತಾ ಅಣ್ಣ ನುಂಗಿಕೊಂಡ ಮಾತು ಯಾವುದು ಅಂತ ನನಗೆ ಆಗ ಗೊತ್ತಾಯಿತು. ಬಸ್ಸಿನಲ್ಲಿ ಅತ್ತಿಗೆ ಒಂದು ಕೈಯಲ್ಲಿ ಎದೆಯ ಮೇಲಿನ ಪಟ್ಟಿಯನ್ನು ಹಿಡಿದುಕೊಂಡೇ ಕೂತಿದ್ದರು.

ಸೋಮವಾರ ಬೆಳಿಗ್ಗೆ ನಾನು ಬೇಕೆಂದೇ ಬೇಗ ಬಾಗಿಲು ತೆಗೆದೆ. ಇನ್ನು ಬೆನ್ನಿಗೆ ಕಟ್ಟುವ ಅಗತ್ಯವಿಲ್ಲ, ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಆದರೂ ಅತ್ತಿಗೆ ಕೆಳಗಿಳಿದು ಬಂದು, ಎಂದಿನ ಜಾಗದಲ್ಲಿ, ಎಂದಿನ ಹಾಗೇ ಬೆನ್ನು ತಿರುಗಿಸಿ ನಿಂತರು. ಅಣ್ಣ ಪಟ್ಟಿಗಳನ್ನು ಎಳೆದ, ಮುಂದೆ ತಂದ, ಒಂದೇ ಒಂದು ಗಂಟು ಹಾಕಿದ. ಅತ್ತಿಗೆ ಕಾದರು.

"ಅಷ್ಟೇನಾ?"

"ಅಷ್ಟೇ. ಹೊರಡು."

ಅತ್ತಿಗೆ ಹೊರಟರು. ಅಂಗಳ ದಾಟುವಷ್ಟರಲ್ಲಿ ಚೀಲ ಭುಜದಿಂದ ಜಾರಿತು, ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಮೊಣಕೈಗೆ ಬಂತು. ಅವರು ನಗುತ್ತಾ ಅದನ್ನು ಹಾಗೇ ತೋಳಿಗೆ ನೇತುಹಾಕಿಕೊಂಡು, ಕತ್ತು ಎತ್ತಿ ಆಕಾಶ ನೋಡುತ್ತಾ ಬೀದಿಯಲ್ಲಿ ನಡೆದುಹೋದರು.